ಪಿ.ಟಿ. ಮೇಡಂ ಎಣಿಸಿದ ಉಸಿರು

ಮದ್ದೂರಿನ ಆ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡ ಮಕ್ಕಳು ಬೇಕಾದಷ್ಟು ಸಿಗುತ್ತಾರೆ. ಪಿ.ಟಿ. ಮೇಡಂ ವೀಣಗೆ ಹೇಳಿ ದಕ್ಕಿಸಿಕೊಂಡವರು ಒಬ್ಬರೂ ಇಲ್ಲ. ಮಕ್ಕಳನ್ನು ಮೈದಾನದ ಸುತ್ತ ಎರಡು ಸಲ ಓಡಿಸಿ, ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಬೆನ್ನ ಹಿಂದೆ ನಿಧಾನವಾಗಿ ನಡೆದು ಹೋಗುತ್ತಾಳೆ. "ನೀನು ಬೆಳಿಗ್ಗೆ ತಿಂಡಿ ತಿಂದಿಲ್ಲ, ಹೋಗಿ ನೆರಳಲ್ಲಿ ಕೂತ್ಕೊ." "ನಿಂಗೆ ಕಫ ಕಟ್ಟಿದೆ, ಮೂರು ದಿನ ಓಡ್ಬೇಡ." "ನೀನು ಓಡಿರೋದು ಒಂದೇ ಸುತ್ತು. ಇನ್ನೊಂದು ಸುತ್ತು ಆ ಬೇವಿನ ಮರದ ಹಿಂದೆ ಕಳೆದೆ. ನಡಿ, ಓಡು." ಮುಖ ನೋಡದೆ ಇಷ್ಟೆಲ್ಲ ಹೇಗೆ ಗೊತ್ತಾಗುತ್ತದೆ ಅಂತ ಮಕ್ಕಳಿಗೆ ದಿಗಿಲು. ಗೊತ್ತಾಗುವುದು ಉಸಿರಿನಿಂದ. ಮೇಡಂಗೆ ಕಿವಿಯೇ ಕಣ್ಣು.

ಈ ಕಿವಿಯನ್ನು ಆಕೆ ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಬೆಳಕವಾಡಿಯ ನಾಲೆಯ ನೀರುಗಂಟಿ ಮರಿಸಿದ್ದಯ್ಯನ ಮಗಳು ವೀಣ, ಗದ್ದೆಗಳಿಗೆ ನೀರು ಬಿಡುವ ಅಪ್ಪನ ಹಿಂದೆ ಓಡಾಡಿಕೊಂಡು, ಕುಯ್ಲಾದ ಗದ್ದೆಯಲ್ಲಿ ಕಬಡ್ಡಿ ಆಡಿ ಬೆಳೆದವಳು. ನುಗ್ಗಿ ಮುಟ್ಟಿ ಬರುವ ಹುಡುಗಿ ಅಲ್ಲ, ಹಿಡಿಯುವ ಹುಡುಗಿ. ಎದುರಾಳಿ "ಕಬಡ್ಡಿ ಕಬಡ್ಡಿ" ಅನ್ನುತ್ತಾ ಒಳಗೆ ಬಂದರೆ ವೀಣ ಅವಳ ಕಾಲು ನೋಡುತ್ತಿರಲಿಲ್ಲ, ಉಸಿರು ಎಲ್ಲಿ ಸಣ್ಣಗಾಗುತ್ತದೆ ಅಂತ ಕಾದು ಕೇಳುತ್ತಿದ್ದಳು. ಸಣ್ಣಗಾದ ಕ್ಷಣಕ್ಕೆ ಹಿಮ್ಮಡಿ ಹಿಡಿದರೆ ಮುಗಿಯಿತು. ಹಾಗೆ ಹಿಡಿದೂ ಹಿಡಿದೂ ಜಿಲ್ಲಾ ತಂಡ ಸೇರಿದಳು, ರಾಜ್ಯದ ಶಿಬಿರಕ್ಕೆ ಎರಡು ಸಲ ಹೋದಳು. ಮಂಡಿ ಕೈಕೊಟ್ಟ ಮೇಲೆ ಬಿ.ಪಿ.ಎಡ್. ಮಾಡಿ ಮೇಷ್ಟ್ರಿಕೆಗೆ ಬಂದಳು. ಅಪ್ಪ ಈಗಿಲ್ಲ. ಇದ್ದಾಗ ಕಲಿಸಿದ್ದು ಒಂದೇ ಮಾತು. ಎದುರಾಳಿ ಮುಟ್ಟಿದರೆ ಅಂಪೈರ್ ನೋಡಲಿ ಬಿಡಲಿ, ನೀನೇ ಕೈ ಎತ್ತಿ ಅಂಕಣದಿಂದ ಆಚೆ ನಡಿ.

ಗಂಡ ಶಿವರಾಜು ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್. ಒಳ್ಳೆಯ ಮನುಷ್ಯ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವುದಕ್ಕೆ ಮನಸ್ಸು ಬರುವುದಿಲ್ಲ. ಕುಡಿತ ಇಲ್ಲ, ಜಗಳ ಇಲ್ಲ, ಬೀದಿ ನಾಯಿಗೂ ಗದರಿದವನಲ್ಲ. ಕಷ್ಟದ ಮಾತು ಬಂದರೆ ಮಾತ್ರ ನಾಳೆಗೆ ತಳ್ಳುತ್ತಾನೆ, ನಾಳೆ ಬಂದರೆ ನಾಳಿದ್ದಿಗೆ.

ಮದುವೆಯಾಗಿ ಆರು ವರ್ಷಕ್ಕೆ ಮೇಧಾ ಹುಟ್ಟಿದಳು, ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ, ಹೊಟ್ಟೆ ಕುಯ್ದು. ವೀಣ ಎರಡು ದಿನ ಮಂಪರಿನಲ್ಲೇ ಇದ್ದಳು. ಐದನೆಯ ದಿನ ಅವ್ವ ಮಗಳನ್ನೂ ಮೊಮ್ಮಗಳನ್ನೂ ಬೆಳಕವಾಡಿಗೆ ಕರೆದುಕೊಂಡು ಹೋದಳು.

ನಮ್ಮ ಕಡೆಯ ಬಾಣಂತನ ಅಂದರೆ ಗೊತ್ತಲ್ಲ. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು, ಬೆಳ್ಳುಳ್ಳಿ ಸಾರು, ಮೆಣಸಿನ ಅನ್ನ, ಕಿಟಕಿ ಮುಚ್ಚಿದ ಕೋಣೆ. ಮೊಬೈಲು ಕಣ್ಣಿಗೆ ಕೆಟ್ಟದ್ದು ಅಂತ ಅವ್ವ ಅದನ್ನೂ ಎತ್ತಿಟ್ಟಳು. ಎಲ್ಲಕ್ಕಿಂತ ದೊಡ್ಡ ಪಥ್ಯ ಸುದ್ದಿಯದು. ಕೆಟ್ಟ ಸುದ್ದಿ ಯಾವುದೂ ಆ ಕೋಣೆಯ ಹೊಸಿಲು ದಾಟಬಾರದು, ಬಾಣಂತಿ ಮನಸ್ಸಿಗೆ ಹಚ್ಚಿಕೊಂಡರೆ ಎದೆಹಾಲು ಇಂಗಿಹೋಗುತ್ತದೆ. ಪಕ್ಕದ ಮನೆಯ ಬೋರಯ್ಯ ತೀರಿಕೊಂಡು ತಮಟೆ ಬಡಿಯುತ್ತಿದ್ದಾಗ ವೀಣ "ಯಾರವ್ವ?" ಅಂದಳು. "ಯಾರ್‍ದೋ ಮದ್ವೆ ಕಣವ್ವ, ನೀ ಮನಿಕೊ" ಅಂದಳು ಅವ್ವ. ಎರಡು ತಿಂಗಳಾದ ಮೇಲೆ ನಿಜ ತಿಳಿದಾಗ ವೀಣ ಹೊಲಿಗೆ ನೋಯುವಷ್ಟು ನಕ್ಕಳು. ಅವ್ವನ ಪ್ರೀತಿ ಇಂಥದ್ದು ಅಂದುಕೊಂಡಳು. ಇನ್ನೂ ಏನೇನು ಮದುವೆ ಆಗಿಹೋಗಿರಬಹುದು ಅಂತ ಕೇಳುವ ಬುದ್ಧಿ ಹೊಳೆಯಲಿಲ್ಲ.

ಐದು ತಿಂಗಳಿಗೆ ಮದ್ದೂರಿಗೆ ಬಂದರು. ರಜೆ ಮುಗಿಯುತ್ತಿತ್ತು, ಮಗು ನೋಡಿಕೊಳ್ಳಲು ಅವ್ವನೂ ಜೊತೆಗೇ ಬಂದಳು. ಮೇಧಾಗೆ ಎಂಟು ತುಂಬಿ ಅಂಬೆಗಾಲು ಇಡಲು ಶುರುಮಾಡಿದ ಮೇಲೆ ಒಂದು ಭಾನುವಾರ ವೀಣ ತಾನು ಮೈದಾನದಲ್ಲಿ ಊದುವ ಪೀಪಿಯನ್ನು ನಡುಮನೆಯ ಆ ಕೊನೆಗಿಟ್ಟು ಕರೆದಳು. ಆ ಮಗುವಿಗೆ ಪೀಪಿ ಅಂದರೆ ಪ್ರಾಣ. ಕೇಕೆ ಹಾಕಿಕೊಂಡು ಹೊರಟಿತು. ಅರ್ಧ ದಾರಿಗೆ ನಿಂತಿತು. ಕೂತಿತು. ಬಾಯಿ ಬಿಟ್ಟುಕೊಂಡು ಒಂದೇ ಸಮನೆ ಏದುಸಿರು ಬಿಡತೊಡಗಿತು. ಮೂಗಿನ ಹೊಳ್ಳೆ ಅರಳುತ್ತಿತ್ತು, ಪಕ್ಕೆಯ ಕೆಳಗೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಪೀಪಿ ಇನ್ನೂ ಒಂದು ಮಾರು ದೂರ ಇತ್ತು. ಮಗು ಅದನ್ನು ನೋಡಿತೇ ಹೊರತು ಹೋಗಲಿಲ್ಲ.

ವೀಣ ಸ್ಟಾಪ್‌ವಾಚ್ ತಂದಳು. ಆಡುವಾಗ ಮಕ್ಕಳ ಉಸಿರು ಏರುತ್ತದೆ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೋಡಬೇಕಾದದ್ದು ಇಳಿಯುವುದನ್ನು. ಶಾಲೆಯ ಮಕ್ಕಳದು ಎರಡು ಮೂರು ನಿಮಿಷಕ್ಕೆ ಇಳಿಯುತ್ತದೆ. ಮೇಧಾಳದು ಹತ್ತು ನಿಮಿಷವಾದರೂ ಇಳಿಯಲಿಲ್ಲ. ಮಧ್ಯಾಹ್ನ ಮಲಗಿದ ಮೇಲೆ ಎದೆಯ ಮೇಲೆ ಹಗುರಾಗಿ ಕೈಯಿಟ್ಟು ಎಣಿಸಿದಳು. ಆ ವಯಸ್ಸಿಗೆ ಮೂವತ್ತು, ಹೆಚ್ಚೆಂದರೆ ನಲವತ್ತು ಇರಬೇಕಾದ್ದು ನಿಮಿಷಕ್ಕೆ ಐವತ್ತೆಂಟು. ಮಾರನೆಯ ದಿನ ಅರವತ್ತು. ಹಾಲು ಕುಡಿಯುವಾಗಲೂ ಅಷ್ಟೆ, ನಾಲ್ಕು ಗುಟುಕಿಗೆ ಬಾಯಿ ತೆಗೆದು ಸುಧಾರಿಸಿಕೊಳ್ಳುತ್ತಿತ್ತು, ಹಣೆಯ ಮೇಲೆ ಬೆವರು.

"ರೀ, ಮಗು ಉಸಿರು ಸರಿ ಇಲ್ಲ" ಅಂದಳು ಶಿವರಾಜುವಿಗೆ.

"ಆಡೋ ಮಗ ಏದುಸ್ರು ಬುಡ್ದೆ ಇನ್ನೇನ್ ಮಾಡದು? ನೀನ್ ಓಡ್ಸೋ ಐಕ್ಳು ಬುಡಾಕಿಲ್ವಾ?"

"ಅವು ಸ್ವಲ್ಪ ಹೊತ್ತಿಗೆ ಸುಮ್ಮನಾಗ್ತವೆ. ಇವಳು ನಿದ್ದೇಲೂ ಹಂಗೇ ಇದಾಳೆ."

"ಮನೇಲೂ ಪಿ.ಟಿ. ಮೇಡಂ ಆಗ್ಬ್ಯಾಡ ಕಣೆ. ಕೂಸಿಗೆ ಸ್ಟಾಪ್‌ವಾಚ್ ಇಡ್ಕೊಂಡು ಕೂತವ್ಳೆ ನೋಡು." ಅವನು ನಕ್ಕ. ವೀಣಳೂ ನಕ್ಕಳು, ಗಂಡ ನಕ್ಕಾಗ ನಗುವ ಅಭ್ಯಾಸದಿಂದ.

ಅವ್ವ ಒಳಗಿನಿಂದಲೇ ಸೇರಿಸಿದಳು, "ನೀನೂ ಅಂಗೇ ಇದ್ದೆ ಕಣವ್ವ. ಮನಿಕಂಡ್ರೂ ಬುಸುಬುಸು ಅಂತಿದ್ದೆ. ಆಮ್ಯಾಕೆ ನೀನೇ ಜಿಲ್ಲೆಗೆಲ್ಲ ಕಬಡ್ಡಿ ಆಡ್ಲಿಲ್ವಾ?"

ಹೆತ್ತವಳೇ ಹೇಳಿದ ಮೇಲೆ ಇನ್ನೇನು? ಆದರೂ ವೀಣ ಕೇಳುತ್ತಲೇ ಹೋದಳು. ಎರಡು ದಿನಕ್ಕೊಮ್ಮೆ ಕೇಳಿದಳು, ಎರಡು ದಿನಕ್ಕೊಮ್ಮೆ ಅದೇ ಉತ್ತರ. ಒಮ್ಮೆ ಮಂಡ್ಯಕ್ಕೆ ಹೋಗಿ ತೋರಿಸೋಣ ಅಂದರೆ "ಈ ವಾರ ರೀಡಿಂಗು ಜಾಸ್ತಿ, ಬರೋ ವಾರ ನಾನೇ ಕರ್‍ಕಂಡ್ ಓಯ್ತೀನಿ." ಬರೋ ವಾರ ಬರುತ್ತಲೇ ಇರಲಿಲ್ಲ. ನಂಬರು ನೋಡಿದರೆ ಅರವತ್ತು, ಮಗು ನೋಡಿದರೆ ಸಣಕಲು, ಮನೆಯವರನ್ನು ಕೇಳಿದರೆ ನಿನ್ನ ಭ್ರಮೆ. ಒಂದೂವರೆ ತಿಂಗಳು ಹೀಗೆ ಕಳೆಯಿತು. ವೀಣ ಸ್ಟಾಪ್‌ವಾಚನ್ನು ತಲೆದಿಂಬಿನ ಕೆಳಗೆ ಬಚ್ಚಿಟ್ಟು, ಯಾರೂ ಇಲ್ಲದಾಗ ಎಣಿಸಿ ಚೀಟಿಯಲ್ಲಿ ಗೀಚಿಕೊಳ್ಳುವ ಹಾಗಾಯಿತು. ಕಳ್ಳತನ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು ಅವಳಿಗೆ, ಸ್ವಂತ ಮಗುವಿನ ಉಸಿರು ಎಣಿಸುವುದಕ್ಕೆ.

ಅಷ್ಟರಲ್ಲಿ ಶಾಲೆಯಲ್ಲಿ ಒಂದು ನಡೆಯಿತು. ಒಂಬತ್ತನೇ ಕ್ಲಾಸಿನ ಸಿಂಧು ಅನ್ನುವ ಹುಡುಗಿ ಒಂದು ಸುತ್ತು ಓಡಿ ಎದೆ ಹಿಡಿದುಕೊಂಡು ನಿಂತಳು. "ಆಗ್ತಿಲ್ಲ ಮಿಸ್." ವೀಣ ಅವಳ ಹಿಂದೆ ನಿಂತು ಕೇಳಿದಳು. ಏನೋ ಕೇಳಿಸಿತು, ಆದರೆ ಅದು ನಿಜವಾಗಿ ಕೇಳಿಸಿತೋ ತನ್ನ ಭ್ರಮೆಯೋ ತಿಳಿಯಲಿಲ್ಲ. ಹದಿನಾಲ್ಕು ವರ್ಷದ ಕೆಲಸದಲ್ಲಿ ಹಾಗಾದದ್ದು ಅದೇ ಮೊದಲು. "ಓಡೋ ಮಕ್ಕಳಿಗೆ ಏದುಸಿರು ಬರದೆ ಇನ್ನೇನು? ನಡಿ" ಅಂದುಬಿಟ್ಟಳು. ಆ ಹುಡುಗಿ ಓಡಿದಳು. ಮಾರನೆಯ ದಿನ ಶಾಲೆಗೆ ಬರಲಿಲ್ಲ, ಮೈ ಸುಡುವ ಜ್ವರವಂತೆ. ತನ್ನ ಬಾಯಿಂದ ಬಂದದ್ದು ಗಂಡನ ಮಾತು ಅಂತ ವೀಣಗೆ ಆಗ ಹೊಳೆದು ನಾಚಿಕೆಯಾಯಿತು. ಒಂದೋ ತನ್ನ ಕಿವಿ ಕೆಟ್ಟಿದೆ, ಇಲ್ಲವೋ ಮಗುವಿನ ಉಸಿರು ಕೆಟ್ಟಿದೆ. ಯಾವುದು ಅಂತ ತಿಳಿಯದೆ ಇನ್ನು ಒಂದು ದಿನವೂ ಇರಲಾರೆ ಅಂದುಕೊಂಡಳು.

ಗುರುವಾರ ರಜೆ ಹಾಕಿದಳು. "ಸ್ಕೂಲಲ್ಲಿ ಎಲ್ರೂ ಮಗೂನ ನೋಡ್ಬೇಕಂತೆ" ಅಂತ ಅವ್ವನಿಗೆ ಹೇಳಿ, ಮಗುವನ್ನು ಎತ್ತಿಕೊಂಡು ಮಂಡ್ಯದ ಬಸ್ಸು ಹತ್ತಿದಳು. ಅವ್ವನಿಗೆ ಸುಳ್ಳು ಹೇಳಿಬಿಟ್ಟೆನಲ್ಲ ಅಂತ ದಾರಿಯುದ್ದಕ್ಕೂ ಕಸಿವಿಸಿ. ಎಂಥ ಹುಚ್ಚು ಹುಡುಗಿ ನೋಡಿ.

ಮಗು ಹುಟ್ಟಿದ ನರ್ಸಿಂಗ್ ಹೋಮಿಗೇ ಹೋದಳು. ಮಕ್ಕಳ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಮೇಧಾಳ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಬೆನ್ನಿಗೂ ಇಟ್ಟು ಕೇಳಿದರು. ಮಗು ಅದರ ಕೊಳವೆ ಹಿಡಿದು ಎಳೆಯುತ್ತಿದ್ದರೂ ಬಿಡಿಸಿಕೊಳ್ಳಲಿಲ್ಲ.

"ಸ್ಕ್ಯಾನ್ ರಿಪೋರ್ಟ್ ಕೊಡಿ ಇಲ್ಲಿ" ಅಂದರು.

"ಯಾವ ಸ್ಕ್ಯಾನು ಸಾರ್?"

ಡಾಕ್ಟರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ನರ್ಸಿಗೆ ಹೇಳಿ ಹತ್ತು ತಿಂಗಳ ಹಿಂದಿನ ಫೈಲು ತರಿಸಿದರು. ಹಾಳೆ ತಿರುವಿ, ಒಂದು ಹಾಳೆಯನ್ನು ಅವಳ ಕಡೆಗೆ ತಿರುಗಿಸಿ ಇಟ್ಟರು. ಹೃದಯದಲ್ಲಿ ಅಸಹಜ ಶಬ್ದ ಕೇಳುತ್ತಿದೆ, ರಂಧ್ರವಿರಬಹುದು, ಆರು ವಾರಕ್ಕೆ ತಪ್ಪದೆ ಹೃದಯದ ಸ್ಕ್ಯಾನ್ ಮಾಡಿಸಬೇಕು, ಮಗುವಿನ ತಂದೆಗೂ ಅಜ್ಜಿಗೂ ವಿವರಿಸಲಾಗಿದೆ ಅಂತ ಬರೆದಿತ್ತು. ಕೆಳಗೆ ಎರಡು ಸಹಿ. ಒಂದು ಶಿವರಾಜುವಿನದು, ಕೊನೆಯಲ್ಲಿ ಉದ್ದಕ್ಕೆ ಗೆರೆ ಎಳೆಯುತ್ತಾನಲ್ಲ, ಅದೇ. ಇನ್ನೊಂದು ಅವ್ವನದು. ಒಂದೊಂದು ಅಕ್ಷರವೂ ಒಂದೊಂದು ಕಡೆಗೆ ವಾಲಿದ ಸಹಿ. ವೀಣ ಎಂಟನೇ ಕ್ಲಾಸಿನಲ್ಲಿದ್ದಾಗ ಬೆಳಕವಾಡಿಯ ಜಗಲಿಯ ಮೇಲೆ, ಇನ್ನು ಹೆಬ್ಬೆಟ್ಟು ಒತ್ತಬೇಡವ್ವ ಅಂತ, ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿ ಕಲಿಸಿಕೊಟ್ಟ ಸಹಿ ಅದು.

ಅವಳಿಗೆ ಅಳು ಬರಲಿಲ್ಲ. ವಾಲಿದ ಆ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿ, ಹಾಳೆಯನ್ನು ಮತ್ತೆ ಡಾಕ್ಟರ ಕಡೆಗೆ ತಿರುಗಿಸಿ ಇಟ್ಟಳು.

ಸ್ಕ್ಯಾನು ಆಗಲೇ ಮಾಡಿಸಿದರು. ಹೃದಯದ ನಡುಗೋಡೆಯಲ್ಲಿ ತೂತಿತ್ತು, ಸಣ್ಣದೇನಲ್ಲ. "ನೋಡಮ್ಮ, ಇದರಿಂದ ಶ್ವಾಸಕೋಶಕ್ಕೆ ಜಾಸ್ತಿ ರಕ್ತ ನುಗ್ತಾ ಇದೆ. ಅದಕ್ಕೇ ಆಡುವಾಗ ಏದುಸಿರು, ಅದಕ್ಕೇ ತೂಕ ಬಂದಿಲ್ಲ. ಔಷಧಿ ಇವತ್ತೇ ಶುರು ಮಾಡೋಣ. ಮೈಸೂರಿಗೆ ಬರೆದು ಕೊಡ್ತೀನಿ, ಆಪರೇಷನ್ ಬೇಕಾಗುತ್ತೆ. ಗುಣ ಆಗುತ್ತೆ, ಆದರೆ ಇನ್ನು ತಡ ಮಾಡೋ ಹಾಗಿಲ್ಲ. ಆರು ವಾರಕ್ಕೇ ಬಂದಿದ್ರೆ ಮಗು ಇಷ್ಟು ಸೋಲ್ತಿರಲಿಲ್ಲ." ಆಮೇಲೆ ಅವಳು ಉಸಿರಿನ ಲೆಕ್ಕ ಗೀಚಿಕೊಂಡಿದ್ದ ಚೀಟಿ ನೋಡಿ, "ಇದು ಯಾರು ಎಣಿಸಿದ್ದು?" ಅಂದರು.

"ನಾನೇ ಸಾರ್."

"ಸರಿಯಾಗಿ ಎಣಿಸಿದ್ದೀರಿ."

ಒಂದೂವರೆ ತಿಂಗಳಿಂದ ಮನೆಯಲ್ಲಿ ಯಾರೊಬ್ಬರಾದರೂ ಹೇಳಲಿ ಅಂತ ಕಾದಿದ್ದ ಮಾತು ಅದು. ಅದನ್ನು ಹೊರಗಿನವರು ಹೇಳಿದ್ದೇ ಅವಳಿಗೆ ಹೆಚ್ಚು ನೋವಾಯಿತು.

ವಾಪಸ್ಸು ಬಸ್ಸಿನಲ್ಲಿ ಒಂದೊಂದೇ ನೆನಪಿಗೆ ಬಂತು. ಪ್ರತಿ ಸಲ ಲಸಿಕೆಗೆ, ಬಾಣಂತನದಲ್ಲಿ "ಬಾಣಂತಿ ಆಚೆ ಬರೋದ್ ಬ್ಯಾಡ" ಅಂತಲೂ ಆಮೇಲೆ "ನಿಂಗೆ ಸ್ಕೂಲದೆ, ನಾ ಓಯ್ತೀನಿ" ಅಂತಲೂ ಶಿವರಾಜು ತಾನೇ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದದ್ದು. ಮಗುವಿಗೆ ಯಾವತ್ತೂ ಚೆಂಡು ದೂರಕ್ಕೆ ಉರುಳಿಸದೆ, ಮಡಿಲಲ್ಲೇ ಕೂರಿಸಿಕೊಂಡು ಬೊಂಬೆಯನ್ನು ಕೈಗೇ ಕೊಡುತ್ತಿದ್ದದ್ದು. ಸೋಮಾರಿ ಅಂತ ಅವಳು ರೇಗಿಸಿದ್ದಳು. ಅವನಿಗೆ ಗೊತ್ತಿತ್ತು. ಮಗುವಿಗೆ ಆಯಾಸ ಆಗಬಾರದು ಅನ್ನುವಷ್ಟು ಗೊತ್ತಿತ್ತು, ಹೆಂಡತಿಗೆ ಹೇಳಬೇಕು ಅನ್ನುವಷ್ಟು ಗೊತ್ತಿರಲಿಲ್ಲ.

ಸಾಯಂಕಾಲ ಅವನು ಚೀಲ ಹೆಗಲಿಗೆ ಹಾಕಿಕೊಂಡು ಒಳಗೆ ಬಂದಾಗ ವೀಣ ಸ್ಕ್ಯಾನಿನ ಹಾಳೆಗಳನ್ನು ಚಾಪೆಯ ಮೇಲೆ ಹರಡಿಕೊಂಡು ಕೂತಿದ್ದಳು. ಅವನು ಅದನ್ನು ನೋಡಿದ. ಇದೇನು ಅಂತ ಕೇಳಲಿಲ್ಲ. ಚೀಲ ಇಳಿಸಿ ಗೋಡೆಗೆ ಒರಗಿ ಕೂತ. ಅಡಿಗೆಮನೆಯ ಬಾಗಿಲಿಗೆ ಬಂದ ಅವ್ವನೂ ಕೇಳಲಿಲ್ಲ.

"ಬಾಣಂತಿಗೆ ಏಳ್ಬಾರ್‍ದು ಅಂದ್ರು ಅತ್ತೆ. ನಂಗೂ ಸರಿ ಅನ್ನುಸ್ತು" ಅಂದ ಶಿವರಾಜು, ನೆಲ ನೋಡಿಕೊಂಡು. "ಸಣ್ಣ ತೂತಾದ್ರೆ ತಾನೇ ಮುಚ್ಕತದೆ ಅಂತ ಅಲ್ಲಿ ಒಬ್ಬ ನರ್ಸಮ್ಮ ಅಂದ್ರು. ಮುಚ್ಕಂಡ್ರೆ ನಿಂಗೆ ಏಳೋದೇ ಬ್ಯಾಡ್ವಲ್ಲ ಅಂತ."

"ಮುಚ್ಕೊಂಡಿದ್ಯಾ ಅಂತ ನೋಡಿಸಿದ್ರಾ?"

ಅವನು ಪಕ್ಕದಲ್ಲಿದ್ದ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

"ಬಾಣಂತನ ಮುಗೀತಲ್ಲ. ಆಮೇಲೆ?"

"ಆಮ್ಯಾಕೆ ಏಳುದ್ರೆ, ಇಷ್ಟ್ ದಿನ ಯಾಕೆ ಏಳ್ಲಿಲ್ಲ ಅಂತೀಯಲ್ಲ ಅಂತ ಬಯ ಆಯ್ತು ಕಣೆ. ದಿನಾ ಇವತ್ತು ಏಳ್ಬೇಕು, ಇವತ್ತು ಏಳ್ಬೇಕು ಅಂತ್ಲೇ ಬತ್ತಿದ್ದೆ."

ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಎಲ್ಲ ನಿನ್ನ ಒಳ್ಳೇದ್ಕೇ ಕಣವ್ವ. ಅಸಿ ಮೈಲಿ ನೀನು ತಡ್ಕತಿರ್‍ಲಿಲ್ಲ. ವೈದ್ಯನಾಥಪುರದ ಸ್ವಾಮಿಗೆ ಅರಕೆ ಕಟ್ಟಿವ್ನಿ. ಅಳಿಯಂದ್ರು ಒಂದ್ ಸ್ವಾಮವಾರನೂ ತಪ್ಸಿಲ್ಲ."

ನಿನ್ನ ಒಳ್ಳೇದಕ್ಕೆ. ಈ ಮಾತಿನ ಮುಂದೆ ನಮ್ಮಲ್ಲಿ ಎಂಥ ಜಗಳಗಂಟಿಯೂ ಬಾಯಿ ಮುಚ್ಚಬೇಕು. ದೇವರ ತನಕ ಸುದ್ದಿ ಹೋಗಿತ್ತು, ವಾರವಾರ ಹೋಗುತ್ತಿತ್ತು. ಹೆತ್ತವಳೊಬ್ಬಳಿಗೆ ಬಿಟ್ಟು.

"ಬಾಣಂತಿ ಅಂತ ಮುಚ್ಚಿಟ್ರಿ, ಅದನ್ನ ಹೆಂಗೋ ನುಂಗ್ಕೊತೀನಿ" ಅಂದಳು ವೀಣ. ದನಿ ಏರಿಸಲಿಲ್ಲ, ಒಳಗೆ ಮಗು ಮಲಗಿತ್ತು. "ನಾನು ಕೇಳ್ದೆ. ಒಂದ್ಸಲ ಅಲ್ಲ, ಇಪ್ಪತ್ತು ಸಲ ಕೇಳ್ದೆ. ನಾನು ಸರಿಯಾಗೇ ಕೇಳಿಸ್ಕೋತಿದ್ದೀನಿ ಅಂತ ನಿಮ್ಮಿಬ್ರಿಗೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಕಿವೀನೇ ಸರಿ ಇಲ್ಲ ಅಂದ್ರಿ. ನನಗೇ ಏನೋ ಆಗಿದೆ ಅಂತ ನಾನು ನಂಬಿದ್ದೆ ಕಣವ್ವ. ನೀನೂ ಹಂಗೇ ಇದ್ದೆ ಅಂದ್ಯಲ್ಲ, ನಾನು ಹಂಗಿದ್ನಾ?"

ಅವ್ವ ತಲೆ ಎತ್ತಲಿಲ್ಲ. "ಇರ್‍ಲಿಲ್ಲ" ಅಂದಳು.

ಆ ದಿನದಿಂದ ಆ ಮನೆಯಲ್ಲಿ ಮಗುವಿನ ಮಾತು ಬಿಟ್ಟು ಬೇರೆ ಮಾತು ನಡೆಯಲಿಲ್ಲ. ಔಷಧಿ ಎಷ್ಟು ಹೊತ್ತಿಗೆ, ಎಷ್ಟು ಹನಿ, ಬಸ್ಸು ಎಷ್ಟು ಗಂಟೆಗೆ. ಅವ್ವ ಊರಿಗೆ ಹೋಗುತ್ತೇನೆ ಅಂದಳು, ವೀಣ ಬೇಡ ಅಂದಳು. ಮಗುವಿಗೆ ಅಜ್ಜಿ ಬೇಕಿತ್ತು. ಶಿವರಾಜು ಅಷ್ಟು ದಿನ ಮುಂದಕ್ಕೆ ಹಾಕಿದ್ದ ಕೆಲಸಗಳನ್ನೆಲ್ಲ ಒಂದೇ ವಾರದಲ್ಲಿ ಓಡಾಡಿ ಮಾಡಿದ, ಮೈಸೂರಿನ ಆಸ್ಪತ್ರೆಯ ಕಾಗದ ಪತ್ರ ಎಲ್ಲ. ಪಾಪ ಅನ್ನಿಸಬೇಕಿತ್ತು. ವೀಣಗೆ ಅನ್ನಿಸಲಿಲ್ಲ. ಮುಟ್ಟಿಸಿಕೊಂಡವರು ತಾವಾಗಿ ಕೈ ಎತ್ತಬೇಕು, ಅಂಪೈರ್ ಹಿಡಿದ ಮೇಲೆ ಎತ್ತಿದರೆ ಅದಕ್ಕೆ ಬೆಲೆ ಇಲ್ಲ. ಹಾಗೆ ಬೆಳೆದವಳು ಅವಳು, ಏನು ಮಾಡುವುದು?

ಮೈಸೂರಿನಲ್ಲಿ ಸೇರಿಸಿಕೊಳ್ಳುವಾಗ ಒಂದು ಫಾರಂ ಕೊಟ್ಟರು. ಮಗುವಿನ ಸ್ಥಿತಿಯನ್ನು ಯಾರಿಗೆ ತಿಳಿಸಬೇಕು ಅಂತ ಒಂದು ಸಾಲಿತ್ತು. ಶಿವರಾಜು ಅಭ್ಯಾಸಬಲದಿಂದ ಪೆನ್ನಿಗೆ ಕೈ ಚಾಚಿದ. ವೀಣ ತನ್ನ ಹೆಸರು ಬರೆದಳು, ಅದರ ಮುಂದೆ "ಮಾತ್ರ" ಅಂತ ಸೇರಿಸಿದಳು. ಅವನು ಚಾಚಿದ ಕೈಯನ್ನು ಜೇಬಿಗೆ ಹಾಕಿಕೊಂಡ.

ಬೆಳಿಗ್ಗೆ ಎಂಟಕ್ಕೆ ಮಗುವನ್ನು ಒಳಗೆ ಕರೆದುಕೊಂಡು ಹೋದರು. ಮೂವರೂ ಸಾಲು ಕುರ್ಚಿಯಲ್ಲಿ ಕೂತರು. ಅವ್ವ ವಿಭೂತಿಯ ಪೊಟ್ಟಣ ಹಿಡಿದುಕೊಂಡು ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದಳು. ಶಿವರಾಜು ನಾಲ್ಕು ಸಲ ಕಾಫಿ ತಂದ, ಯಾರೂ ಕುಡಿಯಲಿಲ್ಲ. ವೀಣ ಅಷ್ಟೂ ಹೊತ್ತು ತನ್ನ ಉಸಿರನ್ನು ತಾನೇ ಎಣಿಸುತ್ತಾ ಕೂತಿದ್ದಳು, ಎಲ್ಲೋ ತಪ್ಪಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು.

ಒಂದೂಕಾಲಿಗೆ ನರ್ಸು ಬಂದು "ಮೇಧಾ ತಾಯಿ ಯಾರು?" ಅಂದಳು. ಮೂವರೂ ಎದ್ದರು. "ತಾಯಿ ಮಾತ್ರ" ಅಂದಳು ನರ್ಸು.

ಒಳಗೆ ಡಾಕ್ಟರು ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದರು. ತೂತು ಪೂರ್ತಿ ಮುಚ್ಚಿದ್ದೇವೆ ಅಂದರು. ಹೃದಯ ಚೆನ್ನಾಗಿ ಹೊಡೆದುಕೊಳ್ಳುತ್ತಿದೆ, ಸಂಜೆಗೋ ನಾಳೆಗೋ ಉಸಿರಾಟದ ಮೆಷಿನ್ನು ತೆಗೆಯುತ್ತೇವೆ, ಶ್ವಾಸಕೋಶಕ್ಕೆ ಏಟು ಬಿದ್ದಿಲ್ಲ, ಸಮಯಕ್ಕೆ ತಂದಿರಿ, ಇನ್ನು ಬೇರೆ ಮಕ್ಕಳ ಹಾಗೇ ಆಡಿಕೊಂಡಿರುತ್ತಾಳೆ. ವೀಣ ಕೈ ಮುಗಿದಳು. ಗಾಜಿನಾಚೆಗೆ ಮಗುವನ್ನು ತೋರಿಸಿದರು. ಅಷ್ಟೊಂದು ಕೊಳವೆಗಳ ನಡುವೆಯೂ ಎದೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಪಕ್ಕೆಯ ಕೆಳಗೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ಆಗ ಅವಳಿಗೆ ಅಳು ಬಂತು, ಅಷ್ಟು ದಿನದ್ದೂ ಸೇರಿ ಬಂತು. ಅಲ್ಲೇ ನಿಂತು ಅತ್ತು, ಮುಖ ತೊಳೆದುಕೊಂಡು ಹೊರಗೆ ಬಂದಳು.

ಇಬ್ಬರೂ ಬಾಗಿಲಲ್ಲೇ ನಿಂತಿದ್ದರು.

"ತೂತು ಮುಚ್ಚಿದಾರೆ. ಮಗು ಚೆನ್ನಾಗಿದೆ. ಏನೂ ತೊಂದರೆ ಇಲ್ಲವಂತೆ" ಅಂದಳು ವೀಣ.

ಅವ್ವ ಅವಳ ಕೆಂಪಾದ ಕಣ್ಣು ನೋಡಿದಳು. ಅಳಿಯನ ಮುಖ ನೋಡಿದಳು. ಅಳಿಯ ಅವ್ವನ ಮುಖ ನೋಡಿದ. ಇಬ್ಬರ ಮುಖದಲ್ಲೂ ಒಂದಿಷ್ಟೂ ಸಂತೋಷ ಇರಲಿಲ್ಲ.

"ದಿಟ ಏಳವ್ವ" ಅಂದಳು ಅವ್ವ. "ಏನಂದ್ರು ಒಳಗೆ?"

"ಇದನ್ನೇ ಅಂದ್ರು."

"ನಾನೇ ಒಂದ್ಸಲ ಡಾಕ್ಟ್ರುನ್ನ ಕೇಳ್ಕಂಡ್ ಬರ್‍ಲಾ?" ಅಂದ ಶಿವರಾಜು.

"ಹೋಗಿ ಕೇಳ್ಕೊಂಡು ಬನ್ನಿ."

ಅವನು ಓಡಿದ. ನರ್ಸು ಬಾಗಿಲಲ್ಲೇ ತಡೆದು, ತಾಯಿಗೆ ಹೇಳಿದ್ದೀವಲ್ಲ, ಅವರನ್ನೇ ಕೇಳಿ ಅಂದಳು. ಅವನು ಅಲ್ಲಿಯೇ ನಿಂತು ಒಳಗೆ ಇಣುಕತೊಡಗಿದ. ಇತ್ತ ಅವ್ವ ವೀಣಳ ಎರಡೂ ಕೈ ಹಿಡಿದುಕೊಂಡಳು. "ನಂತಾವ ಮುಚ್ಚಿಡ್ಬ್ಯಾಡ ಕಣವ್ವ. ಏನಾದ್ರೂ ಆಗ್ಲಿ, ನಾನ್ ತಡ್ಕತೀನಿ. ಏಳ್ಬುಡು."

ವೀಣ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಒಂದು ಸಲ ಹೇಳಿದ್ದ ಮಾತನ್ನು ಎರಡನೇ ಸಲ ಹೇಳಲೂ ಇಲ್ಲ.